ಗುಲಾಮ್ ಮೊಹಮ್ಮದ್ ಶೇಖ್ ಅವರ ಚಿತ್ರಗಳಲ್ಲಿ ಬೇರೆಯವರ ಚಿತ್ರಗಳೇ ಏಕೆ ತುಂಬಿಕೊಂಡಿವೆ?

ಪ್ರಶ್ನೆ: ಹೊಳೆಸಾಲು

ನಾನು ಚಿತ್ರಕಲೆಯನ್ನು ಕ್ರಮವಾಗಿ ಕಲಿತವನಲ್ಲ. ಅಂಚೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದವನು. ಆದ್ದರಿಂದ ನನ್ನ ಪ್ರಶ್ನೆಯಲ್ಲಿ ತಿಳಿಗೇಡಿತನ ಕಂಡರೆ ಬಲ್ಲವರು ಮನ್ನಿಸಬೇಕು. 2025ರಲ್ಲಿ ಮಗಳ ಮನೆಗೆಂದು ದೆಹಲಿಗೆ ಹೋಗಿದ್ದಾಗ, ಸಾಕೇತ್‌ನ ಮಾಲ್ ಒಂದರೊಳಗಿರುವ ಕಿರಣ್ ನಾಡರ್ ಕಲಾ ಮ್ಯೂಸಿಯಂನಲ್ಲಿ ನಡೆಯುತ್ತಿದ್ದ ಗುಲಾಮ್ ಮೊಹಮ್ಮದ್ ಶೇಖ್ ಅವರ ಪ್ರದರ್ಶನಕ್ಕೆ ಅವಳೇ ಕರೆದುಕೊಂಡು ಹೋದಳು. ಒಬ್ಬರೇ ಕಲಾವಿದರ ಆರು ದಶಕಗಳ ಕೆಲಸವನ್ನು ಒಟ್ಟಿಗೆ ನೋಡುವಾಗ ನನ್ನ ಸ್ಥಿತಿ ಜಾತ್ರೆಯಲ್ಲಿ ಅಪ್ಪನ ಕೈ ಬಿಟ್ಟ ಹುಡುಗನಂತಾಗಿತ್ತು. ಮಗಳು ಒಂದು ಗಂಟೆಯಲ್ಲಿ ನೋಡಿ ಮುಗಿಸಿದಳು. ನಾನು ಮಾತ್ರ ಭೂಪಟದಂತಿದ್ದ ಕೆಲವು ಚಿತ್ರಗಳ ಮುಂದೆ ನಿಂತವನು ಅಲ್ಲಿಂದ ಕದಲಲಿಲ್ಲ. ಕಾಗದದ ಮೇಲೆ ವಿಳಾಸ ಹುಡುಕುವುದೇ ಬದುಕಾಗಿದ್ದವನಿಗೆ ಭೂಪಟ ಕಂಡರೆ ಕಾಲು ತಾನಾಗಿಯೇ ನಿಲ್ಲುತ್ತದೆ.

ಆ ದುಂಡನೆಯ ಭೂಪಟಗಳ ಒಂದು ಮೂಲೆಯಲ್ಲಿ ಹಳೆಯ ಮೊಘಲ್ ಚಿತ್ರದಿಂದ ಎದ್ದು ಬಂದಂತಿರುವ ಕಬೀರ ಮಗ್ಗದ ಮುಂದೆ ಕೂತಿದ್ದಾನೆ. ಇನ್ನೊಂದು ಮೂಲೆಯಲ್ಲಿ ಇಟಲಿಯ ಗೋಡೆಚಿತ್ರವೊಂದರ, ಕ್ರಿಸ್ತನ ಶಿಷ್ಯೆಯಾದ ಮಗ್ದಲದ ಮರಿಯಳು ಮಂಡಿಯೂರಿ ಕೈ ಚಾಚಿದ್ದಾಳೆ. ಮತ್ತೊಂದೆಡೆ ರಾಮ ಚಿನ್ನದ ಜಿಂಕೆಯ ಬೆನ್ನು ಹತ್ತಿದ್ದಾನೆ. ‘ಇವರು ನೆನಪು, ಚರಿತ್ರೆ ಮತ್ತು ಅನುಭಾವವನ್ನು ಹುಡುಕುವ ಆಕೃತಿಪ್ರಧಾನ ಕಲಾವಿದರು’ ಎಂದು ಮಗಳು ಹೇಳಿದಳು. ನನಗೆ ಎರಡು ಸಂಶಯಗಳು ಹುಟ್ಟಿದವು. ಬೇರೆಯವರು ಬರೆದ ಆಕೃತಿಗಳನ್ನೇ ತಂದು ಜೋಡಿಸಿದರೆ ಅದರಲ್ಲಿ ಕಲಾವಿದನ ಸ್ವಂತ ನೆನಪು ಎಲ್ಲಿರುತ್ತದೆ? ಎರಡನೆಯದು, ಅನುಭಾವ ಎಂದರೆ ನಾವು ತಿಳಿದಿರುವುದು ಮೌನ, ಬಯಲು, ನಿರಾಕಾರ. ಸಂತೆಯಷ್ಟು ಜನ ತುಂಬಿದ ಈ ಚಿತ್ರಗಳಲ್ಲಿ ಅದು ಎಲ್ಲಿಂದ ಬರಬೇಕು? ಬಲ್ಲವರು ಸಾವಧಾನವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಬಣ್ಣದಡ್ಡೆ

ಹೊಳೆಸಾಲು ಅವರೇ, ನಿಮ್ಮ ಮೊದಲ ಸಂಶಯ ನನಗೆ ಹಳೆಯ ಗಾಯವೊಂದನ್ನು ನೆನಪಿಸಿತು. ಕಲಾಶಾಲೆಯಲ್ಲಿ ಓದುತ್ತಿದ್ದಾಗ ನಾನೊಮ್ಮೆ ಹಿಮಾಲಯದ ತಪ್ಪಲಿನ ಹಳೆಯ ಪಹಾಡಿ ಚಿತ್ರದಿಂದ, ನಲ್ಲನನ್ನು ಕಾಣಲು ಹೊರಟ ಅಭಿಸಾರಿಕೆಯೊಬ್ಬಳನ್ನು ಹಾಗೆಯೇ ತಂದು, ನಮ್ಮ ಓಣಿಯ ಬೀದಿನಲ್ಲಿಯ ಮುಂದೆ, ಪ್ಲಾಸ್ಟಿಕ್ ಕೊಡಗಳ ಸಾಲಿನಲ್ಲಿ ನಿಲ್ಲಿಸಿದ್ದೆ. ಮೇಷ್ಟ್ರು ಎಲ್ಲರೆದುರು ‘ಇದು ಕದ್ದ ಮಾಲು’ ಎಂದರು. ನಾನು ಆ ಹಾಳೆಯನ್ನು ಸುತ್ತಿ ಅಟ್ಟಕ್ಕೆ ಎಸೆದೆ. ಎಷ್ಟೋ ವರ್ಷದ ಮೇಲೆ ಶೇಖ್ ಅವರ ಚಿತ್ರಗಳನ್ನು ಪುಸ್ತಕದಲ್ಲಿ ನೋಡಿದಾಗ, ಕದಿಯುವುದಕ್ಕೂ ಕರೆದು ತರುವುದಕ್ಕೂ ಇರುವ ವ್ಯತ್ಯಾಸ ಹೊಳೆಯಿತು. ನಾನು ಮಾಡಿದ್ದು ಬಹುಶಃ ಕದ್ದದ್ದೇ ಇರಬೇಕು, ಏಕೆಂದರೆ ಆ ಹೆಣ್ಣು ನಲ್ಲಿಯ ಮುಂದೆ ಏಕೆ ನಿಂತಿದ್ದಾಳೆಂಬುದು ನನಗೇ ಗೊತ್ತಿರಲಿಲ್ಲ.

ಶೇಖ್ ಅವರು 1937ರಲ್ಲಿ ಸೌರಾಷ್ಟ್ರದ ಸುರೇಂದ್ರನಗರದಲ್ಲಿ ಹುಟ್ಟಿದವರು. ಒಂದೆಡೆ ಮದರಸಾದಲ್ಲಿ ಕುರಾನ್ ಪಾಠ, ಇನ್ನೊಂದೆಡೆ ಶಾಲೆಯಲ್ಲಿ ಸಂಸ್ಕೃತ; ಅವರ ಬಾಲ್ಯ ಈ ಎರಡು ಜಗಲಿಗಳ ಮೇಲೆ ಬೆಳೆದದ್ದು. 1955ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಕಲಾವಿಭಾಗಕ್ಕೆ ಬಂದರು; ಎನ್. ಎಸ್. ಬೇಂದ್ರೆ, ಕೆ. ಜಿ. ಸುಬ್ರಮಣ್ಯನ್ ಅಂಥವರು ಕಲಿಸುತ್ತಿದ್ದ ಕಾಲ ಅದು. 1963ರಿಂದ 1966ರವರೆಗೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿದರು. ಅವರು ಚಿತ್ರ ಬರೆಯುವುದರ ಜೊತೆಗೆ ಗುಜರಾತಿಯಲ್ಲಿ ಕವಿತೆ ಬರೆದವರು, ಮತ್ತು ಬರೋಡಾದಲ್ಲಿ ವರ್ಷಾನುಗಟ್ಟಲೆ ಕಲೆಯ ಇತಿಹಾಸವನ್ನು ಪಾಠ ಮಾಡಿದವರು ಎಂಬುದು ನಿಮ್ಮ ಪ್ರಶ್ನೆಗೆ ಮುಖ್ಯ. ದಿನವೂ ವಿದ್ಯಾರ್ಥಿಗಳ ಮುಂದೆ ಅಜಂತೆ, ಅಕ್ಬರನ ಕಾಲದ ಹಸ್ತಪ್ರತಿ, ಇಟಲಿಯ ಸಿಯೆನಾದ ಭಿತ್ತಿಚಿತ್ರಗಳ ಬಗ್ಗೆ ಮಾತನಾಡುವವನಿಗೆ ಆ ಚಿತ್ರಗಳು ‘ಬೇರೆಯವರವು’ ಆಗಿ ಉಳಿಯುವುದಿಲ್ಲ. ನಮ್ಮಲ್ಲಿ ಹರಿಕಥೆ ದಾಸರ ಮನೆಯ ಮಕ್ಕಳು ಅಡುಗೆಮನೆಯ ಜಗಳದಲ್ಲಿಯೂ ಮಹಾಭಾರತದ ಪಾತ್ರಗಳನ್ನು ಎಳೆದು ತರುತ್ತಾರಲ್ಲ, ಹಾಗೆ.

ಲಂಡನ್ನಿನಲ್ಲಿ ಓದುವಾಗ ಅವರು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಮೊಘಲ್ ಮತ್ತು ರಾಜಸ್ಥಾನಿ ಕಿರುಚಿತ್ರಗಳನ್ನು ಹತ್ತಿರದಿಂದ ಕಂಡರು. ತಮ್ಮ ನಾಡಿನ ಚಿತ್ರಗಳನ್ನು ಕಣ್ತುಂಬ ನೋಡಲು ಕಡಲು ದಾಟಬೇಕಾಯಿತು ಎಂಬ ವಿಪರ್ಯಾಸ ಅದರಲ್ಲಿದೆ. ಊರಿಗೆ ಮರಳಿದ ಮೇಲೆ, 1969ರಿಂದ 1973ರವರೆಗೆ ತಿದ್ದಿ ತಿದ್ದಿ ಬರೆದ ಚಿತ್ರ ‘ಬಹುಕಾಲದ ನಂತರ ಮನೆಗೆ ಮರಳಿದಾಗ’ ಎಂಬುದು. ಸಾಧ್ಯವಾದರೆ ಇದನ್ನು ಹುಡುಕಿ ನೋಡಿರಿ. ಕೆಳಗಡೆ, ನಮಗೆ ತೀರ ಸಮೀಪದಲ್ಲಿ, ಕಲಾವಿದರ ತಾಯಿಯ ಮುಖವಿದೆ. ವಯಸ್ಸಾದ, ದಣಿದ, ನಮ್ಮ ನಿಮ್ಮ ತಾಯಂದಿರಂಥ ಮುಖ. ಅವಳ ಹಿಂದೆ ಒತ್ತೊತ್ತಾದ ಮನೆಗಳು, ಗೋಡೆ, ಮಸೀದಿ. ಮೇಲೆ, ಆಕಾಶವಿರಬೇಕಾದ ಜಾಗದಲ್ಲಿ, ಪರ್ಷಿಯಾದ ಹಸ್ತಪ್ರತಿಯಿಂದ ಇಳಿದು ಬಂದ ದೇವದೂತರು. ತಾಯಿ ಕಣ್ಣಿನಿಂದ ಕಂಡ ನೆನಪು. ದೇವದೂತರು ಪುಟದಲ್ಲಿ ಕಂಡ ನೆನಪು. ಮನೆಗೆ ಮರಳುವವನು ಎರಡನ್ನೂ ಹೊತ್ತುಕೊಂಡೇ ಮರಳುತ್ತಾನೆ. ಇವುಗಳಲ್ಲಿ ಒಂದು ಸ್ವಂತದ್ದು, ಇನ್ನೊಂದು ಎರವಲು ಎಂದು ಗೆರೆ ಎಳೆಯಲು ನನಗಂತೂ ಆಗುವುದಿಲ್ಲ.

ಇನ್ನೊಂದು ಮಾತು. ಆ ಕಾಲದಲ್ಲಿ ಅಮೂರ್ತ ಚಿತ್ರಕಲೆಗೆ ಹೆಚ್ಚಿನ ಮಾನವಿತ್ತು. ಮನುಷ್ಯರನ್ನೂ ಕಥೆಯನ್ನೂ ಬರೆಯುವುದು ಹಿಂದುಳಿದವರ ಕೆಲಸವೆಂಬ ಭಾವನೆ ಕಲಾವಲಯದಲ್ಲಿ ಸುಳಿದಾಡುತ್ತಿತ್ತು. 1981ರಲ್ಲಿ ಶೇಖ್, ಭೂಪೇನ್ ಖಖ್ಖರ್, ಜೋಗೆನ್ ಚೌಧುರಿ, ನಳಿನಿ ಮಲಾನಿ, ಸುಧೀರ್ ಪಟವರ್ಧನ್, ವಿವಾನ್ ಸುಂದರಂ ಈ ಆರು ಮಂದಿ ಸೇರಿ ಮುಂಬಯಿ ಮತ್ತು ದೆಹಲಿಯಲ್ಲಿ ‘ಪ್ಲೇಸ್ ಫಾರ್ ಪೀಪಲ್’ ಎಂಬ ಪ್ರದರ್ಶನ ನಡೆಸಿದರು. ಅದಕ್ಕೆ ಕಲಾವಿಮರ್ಶಕಿ ಗೀತಾ ಕಪೂರ್ ಲೇಖನ ಬರೆದರು. ‘ಜನರಿಗೊಂದು ಜಾಗ’ ಎಂಬ ಆ ಹೆಸರಿನಲ್ಲಿಯೇ ಅವರ ಜಗಳವೆಲ್ಲ ಅಡಗಿದೆ. ಅದೇ ವರ್ಷ ಶೇಖ್ ಅವರು ಬರೆದ ಮಾತಿನ ಸಾರಾಂಶ ಇಷ್ಟು: ಭಾರತದಲ್ಲಿ ಬದುಕುವುದೆಂದರೆ ಏಕಕಾಲಕ್ಕೆ ಹಲವು ಕಾಲಗಳಲ್ಲಿ, ಹಲವು ಸಂಸ್ಕೃತಿಗಳಲ್ಲಿ ಬದುಕುವುದು.

ಉತ್ತರ: ಥೇಮ್ಸ್‌ದಂಡೆ

ನಾನು ಲಂಡನ್ನಿನಲ್ಲಿ ನೆಲೆಸಿರುವ ಮೈಸೂರಿನವಳು. 2024ರ ಅಕ್ಟೋಬರ್‌ನಿಂದ 2025ರ ಜನವರಿಯವರೆಗೆ ಇಲ್ಲಿನ ಬಾರ್ಬಿಕನ್ ಕೇಂದ್ರದಲ್ಲಿ 1975ರಿಂದ 1998ರ ನಡುವಿನ ಭಾರತೀಯ ಕಲೆಯ ಪ್ರದರ್ಶನವಿತ್ತು. ತುರ್ತುಪರಿಸ್ಥಿತಿಯ ವರ್ಷದಿಂದ ಪೋಖ್ರಾನ್ ಸ್ಫೋಟದ ವರ್ಷದವರೆಗಿನ ಕಥೆ ಅದು. ಅಲ್ಲಿ ಶೇಖ್ ಅವರ 1975ರ ಒಂದು ಚಿತ್ರವಿತ್ತು, ‘ಮಾತಿಲ್ಲದ ನಗರ’ ಎಂದು ಅದರ ಹೆಸರನ್ನು ಕನ್ನಡಿಸಬಹುದು. ಹೊಳೆಸಾಲು ಸರ್ ಅವರು ಕೇಳಿದ ಎರಡನೆಯ ಪ್ರಶ್ನೆಗೆ ಆ ಚಿತ್ರವನ್ನು ತಪ್ಪದೆ ಸೇರಿಸಿಕೊಂಡು ಯೋಚಿಸಬೇಕು ಎಂದು ನನಗೆ ಅನ್ನಿಸುತ್ತದೆ.

ಆ ಚಿತ್ರದಲ್ಲಿ ಮನುಷ್ಯರಿಲ್ಲ. ಮನೆಗಳಿವೆ, ದನಗಳಿವೆ, ಅಲೆಯುವ ನಾಯಿಗಳಿವೆ. ಬೆಂಕಿ ತಾಗಿದಂತಿರುವ ಕೆಂಬಣ್ಣ ಊರಿನ ಮೇಲೆ ಕವಿದಿದೆ. ಜನ ಓಡಿಹೋದರೋ, ಒಳಗೆ ಅಗುಳಿ ಹಾಕಿಕೊಂಡು ಕೂತಿದ್ದಾರೋ, ಯಾರಾದರೂ ಎತ್ತಿಕೊಂಡು ಹೋದರೋ ಎಂದು ಚಿತ್ರ ಹೇಳುವುದಿಲ್ಲ. ಹಗಲುಹೊತ್ತಿನಲ್ಲಿ ಕರ್ಫ್ಯೂ ಬಿದ್ದ ಬೀದಿಯನ್ನು ಒಮ್ಮೆಯಾದರೂ ಕಿಟಕಿಯ ಸಂದಿಯಿಂದ ನೋಡಿದವರಿಗೆ ಆ ನಾಯಿಗಳ ನಡಿಗೆ ಗುರುತು ಸಿಗುತ್ತದೆ. ಮನುಷ್ಯಾಕೃತಿಯನ್ನೇ ಬದುಕಿನ ಕೆಲಸವಾಗಿ ಆರಿಸಿಕೊಂಡ ಕಲಾವಿದ ಮನುಷ್ಯನನ್ನು ಚಿತ್ರದಿಂದ ತೆಗೆದುಹಾಕಿದಾಗ ಅದು ಖಾಲಿಯಾಗಿ ಕಾಣಲಿಲ್ಲ, ಬಾಯಿ ಕಟ್ಟಿದಂತೆ ಕಂಡಿತು.

ಇದರ ಪಕ್ಕದಲ್ಲಿ ಅವರು 1981ರಿಂದ 1984ರವರೆಗೆ ಬರೆದ ‘ಮಾರಾಟಕ್ಕಿರುವ ನಗರ’ವನ್ನು ಇಟ್ಟು ನೋಡಬೇಕು. ಅದು ಇಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಸಂಗ್ರಹದಲ್ಲಿದೆ. ಬರೋಡಾ ನಗರ ಅದರಲ್ಲಿ ತುಂಬಿ ತುಳುಕುತ್ತದೆ: ತರಕಾರಿ ಮಾರುವ ಹೆಂಗಸು, ಗಲ್ಲಿಗಳು, ನಡುವೆ ಸಿನಿಮಾ ಮಂದಿರದಲ್ಲಿ ‘ಸಿಲ್‌ಸಿಲಾ’ ನಡೆಯುತ್ತಿದೆ, ಮತ್ತೊಂದೆಡೆ ಕೋಮುಗಲಭೆ ಹತ್ತಿ ಉರಿಯುತ್ತಿದೆ. ಒಂದೇ ಊರಿನ ಒಂದೇ ಸಂಜೆಯಲ್ಲಿ ಪ್ರೇಮಕಥೆಗೆ ಟಿಕೆಟ್ ಕೊಳ್ಳುವವರೂ ಇದ್ದಾರೆ, ಬೆಂಕಿ ಹಚ್ಚುವವರೂ ಇದ್ದಾರೆ, ಬದನೆಕಾಯಿ ತೂಗುವವರೂ ಇದ್ದಾರೆ. ಇಟಲಿಯ ಸಿಯೆನಾದ ಪುರಭವನದಲ್ಲಿ ಅಂಬ್ರೋಜಿಯೋ ಲೊರೆಂಜೆಟ್ಟಿ 1338–39ರಲ್ಲಿ ಬರೆದ ಒಳ್ಳೆಯ ಆಡಳಿತ ಮತ್ತು ಕೆಟ್ಟ ಆಡಳಿತದ ಭಿತ್ತಿಚಿತ್ರಗಳು ಶೇಖ್ ಅವರಿಗೆ ಬಹಳ ಪ್ರಿಯವಾದವು. ಲೊರೆಂಜೆಟ್ಟಿ ಒಳ್ಳೆಯ ನಗರವನ್ನು ಒಂದು ಗೋಡೆಗೆ, ಕೆಟ್ಟ ನಗರವನ್ನು ಎದುರು ಗೋಡೆಗೆ ಬರೆದ. ಶೇಖ್ ಅವರಿಗೆ ಎರಡು ಗೋಡೆಗಳ ಸೌಕರ್ಯವಿರಲಿಲ್ಲ. ಎರಡೂ ನಗರಗಳು ಒಂದೇ ಕ್ಯಾನ್ವಾಸಿನ ಮೇಲೆ ಒಂದರ ಕಾಲನ್ನೊಂದು ತುಳಿಯುತ್ತ ನಿಂತಿವೆ. ಜನಸಂದಣಿ ಅಲಂಕಾರಕ್ಕೆ ಬಂದದ್ದಲ್ಲ ಎಂದು ನನಗೆ ತೋರಿದ್ದು ಮಾತಿಲ್ಲದ ಆ ನಗರವನ್ನು ನೋಡಿದ ಮೇಲೆಯೇ.

ಉತ್ತರ: ಚೌಕಟ್ಟು

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತಲೇ ನನ್ನ ತಕರಾರನ್ನು ದಾಖಲಿಸುತ್ತೇನೆ. ನಾನು ಮೂರು ದಶಕಗಳಿಂದ ಚಿತ್ರಗಳಿಗೆ ಕಟ್ಟು ಹಾಕಿಸುವ ವೃತ್ತಿಯಲ್ಲಿದ್ದೇನೆ. ಚಿತ್ರಗಳನ್ನು ನಾನು ಹಿಂಬದಿಯಿಂದಲೂ ನೋಡುವವನು. ಶೇಖ್ ಅವರ 1970 ಮತ್ತು 80ರ ದಶಕದ ಎಣ್ಣೆಬಣ್ಣದ ಕೆಲಸಗಳ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ 2000ದ ನಂತರ ಅವರು ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಜೋಡಿಸಿ, ಕಾಗದದ ಮೇಲೆ ಮುದ್ರಿಸಿ, ಅದರ ಮೇಲೆ ಗ್ವಾಶ್ ಎಂಬ ದಟ್ಟ ನೀರುಬಣ್ಣ ಹಚ್ಚುವ ಕ್ರಮಕ್ಕೆ ಹೊರಳಿದ ಮೇಲೆ ಜೋಡಣೆಯ ಹೊಲಿಗೆ ಎದ್ದು ಕಾಣುತ್ತದೆ. ಮುದ್ರಿತ ಭಾಗ ನುಣ್ಣಗೆ, ಕೈ ಆಡಿದ ಭಾಗ ಒರಟಾಗಿ ಉಳಿದು ಎರಡೂ ಒಂದೇ ಮೈಯಾಗುವುದಿಲ್ಲ. ಇನ್ನೊಂದು ತಕರಾರು ಹೊಳೆಸಾಲು ಅವರದೇ: ಆ ಮರಿಯಳನ್ನು ಬರೆದ ಇಟಲಿಯ ಜಿಯೊತ್ತೊ ಯಾರು, ಆ ದುಂಡನೆಯ ಪಟಗಳಿಗೆ ಮೂಲವಾದ ಎಬ್‌ಸ್ಟಾರ್ಫ್ ಭೂಪಟ ಯಾವುದು ಎಂದು ತಿಳಿಯದವನಿಗೆ ಈ ಚಿತ್ರಗಳು ಬಾಗಿಲು ತೆರೆಯುತ್ತವೆಯೇ? ಓದಿಕೊಂಡವರು ಓದಿಕೊಂಡವರಿಗೆ ಕಳಿಸಿದ ಓಲೆಗಳಂತೆ ನನಗೆ ಕೆಲವೊಮ್ಮೆ ಕಾಣುತ್ತವೆ.

ಉತ್ತರ: ಮಗ್ಗದಮನೆ

ಚೌಕಟ್ಟು ಅವರ ‘ಹೊಲಿಗೆ’ ಎಂಬ ಮಾತನ್ನೇ ಹಿಡಿದು ಮುಂದುವರಿಯುತ್ತೇನೆ. ನಾನು ಇಳಕಲ್ಲಿನ ನೇಕಾರರ ಮನೆಯವಳು. ಈಗ ಕಾಲೇಜಿನಲ್ಲಿ ಹಿಂದಿ ಪಾಠ ಮಾಡುತ್ತೇನೆ, ಕಬೀರ ನನ್ನ ದಿನದ ಅನ್ನ. ನಮ್ಮ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಉಟ್ಟವರನ್ನು ದೂರದಿಂದ ನೋಡಿದರೆ ಒಂದೇ ಬಟ್ಟೆ. ಸೆರಗು ಶುರುವಾಗುವಲ್ಲಿ ಬೆರಳಾಡಿಸಿದರೆ ಕೊಂಡಿಯ ಸಾಲು ತಾಗುತ್ತದೆ. ನನ್ನ ಅಜ್ಜಿ ಸೀರೆ ಕೊಳ್ಳುವಾಗ ಮೊದಲು ಮುಟ್ಟುತ್ತಿದ್ದದ್ದೇ ಆ ಜಾಗವನ್ನು. ಕೊಂಡಿ ಬೆರಳಿಗೆ ಸಿಗದಿದ್ದರೆ ‘ಇದು ನಮ್ಮ ಸೀರಿ ಅಲ್ಲ’ ಅನ್ನುತ್ತಿದ್ದಳು. ಶೇಖ್ ಅವರ ಜೋಡಣೆಯ ಗುರುತು ಕಾಣುತ್ತದೆ ಎಂಬುದು ನಿಜ. ಅದು ಕಾಣದಂತೆ ಉಜ್ಜಿ ಹಾಕಿದ್ದರೆ ಕಬೀರನೂ ಮರಿಯಳೂ ಒಂದೇ ಊರಿನವರಂತೆ ಆಗಿಬಿಡುತ್ತಿದ್ದರು, ಆಗ ಅವರು ಕೂಡಿದ್ದರಲ್ಲಿ ಹೆಚ್ಚುಗಾರಿಕೆಯೇ ಉಳಿಯುತ್ತಿರಲಿಲ್ಲ.

ಈಗ ಅನುಭಾವದ ವಿಷಯ. ಶೇಖ್ ಅವರು 1990ರ ದಶಕದಿಂದ ಕಬೀರನನ್ನು ಮತ್ತೆ ಮತ್ತೆ ಬರೆದಿದ್ದಾರೆ. ಅವರ ಕಬೀರ ಕ್ಯಾಲೆಂಡರಿನ ಕಬೀರನಲ್ಲ. ತಲೆಯ ಹಿಂದೆ ಪ್ರಭಾವಳಿ ಇಟ್ಟುಕೊಂಡು ಕೈಯೆತ್ತಿ ಹರಸುವವನಲ್ಲ. ಮಗ್ಗದ ಮುಂದೆ ಬಾಗಿ ಕೂತ ಮುದುಕ. ನಮ್ಮ ಮನೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ನೇಕಾರನನ್ನು ಮೇಲಿನಿಂದ ನೋಡಿದರೆ ಅರ್ಧ ನೆಲದೊಳಗೆ, ಅರ್ಧ ನೆಲದ ಮೇಲೆ ಇದ್ದಂತೆ ಕಾಣುತ್ತದೆ. ಅನುಭಾವವನ್ನು ಬಯಲಿಗೆ ಹೋಗಿ ಹುಡುಕದೆ ಈ ಕುಣಿಯಲ್ಲಿ ಕೂತು ಹುಡುಕಿದವರು ನಮ್ಮಲ್ಲೂ ಇದ್ದಾರೆ. ಮುದನೂರಿನ ಜೇಡರ ದಾಸಿಮಯ್ಯ ಬಟ್ಟೆ ನೇಯುತ್ತಲೇ ರಾಮನಾಥನನ್ನು ಕರೆದವನು. ಹೊಳೆಸಾಲು ಕಾಕಾ ಅವರು ಅನುಭಾವವೆಂದರೆ ಮೌನ, ನಿರಾಕಾರ ಎಂದು ಬರೆದಿದ್ದೀರಿ. ನಮ್ಮ ವಚನಕಾರರ ಅನುಭಾವದಲ್ಲಿ ಕತ್ತರಿ, ಲಾಳಿ, ದೋಣಿ, ಕಸಬರಿಗೆ ಎಲ್ಲವೂ ಇದ್ದವಲ್ಲ?

2001ರ ಒಂದು ಚಿತ್ರಕ್ಕೆ ಶೇಖ್ ಅವರು ಕಬೀರನ ಪದವೊಂದರ ಮೊದಲ ಸಾಲನ್ನೇ ಹೆಸರಾಗಿಟ್ಟಿದ್ದಾರೆ: ‘ಒಂದು ಅಚ್ಚರಿ ಕಂಡೆನಣ್ಣ’ ಎಂಬ ಅರ್ಥದ ಸಾಲು ಅದು, ಮುಂದಿನ ಮಾತಿನಲ್ಲಿ ಸಿಂಹ ನಿಂತು ಹಸುಗಳನ್ನು ಮೇಯಿಸುತ್ತದೆ. ಹಿಂದಿಯಲ್ಲಿ ಇದನ್ನು ಉಲಟ್‌ಬಾಂಸೀ ಎನ್ನುತ್ತಾರೆ. ಬೆಡಗಿನ ವಚನಗಳನ್ನೂ ಶಿಶುನಾಳ ಶರೀಫರ ಪದಗಳನ್ನೂ ಕೇಳಿ ಬೆಳೆದ ಕನ್ನಡಿಗರಿಗೆ ಇದಕ್ಕೆ ಟಿಪ್ಪಣಿ ಬೇಕಿಲ್ಲ. ಲೋಕದ ಕ್ರಮವನ್ನು ತಲೆಕೆಳಗು ಮಾಡಿದಾಗ ಒಂದು ಕ್ಷಣ ಬೇರೆಯದೇನೋ ಕಾಣುತ್ತದೆ. ಮಾತಿನಲ್ಲಿ ಕಬೀರ ಮಾಡಿದ್ದನ್ನು ಶೇಖ್ ಅವರು ಅಳತೆಯನ್ನು ತಲೆಕೆಳಗು ಮಾಡಿ ಸಾಧಿಸುತ್ತಾರೆ. ಅವರ ಚಿತ್ರದಲ್ಲಿ ಊರು ಅಂಗೈಯಷ್ಟಾಗುತ್ತದೆ, ಸಂತ ಬೆಟ್ಟದಷ್ಟಾಗುತ್ತಾನೆ, ಕಾಲಗಳು ಅಕ್ಕಪಕ್ಕದ ಮನೆಗಳಾಗುತ್ತವೆ.

ಭೂಪಟದ ಮೂಲೆಗಳಲ್ಲಿರುವವರನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿರಿ. ರಾಮ ಓಡುತ್ತಿರುವುದು ಜಿಂಕೆಯೇ ಅಲ್ಲದ ಜಿಂಕೆಯ ಹಿಂದೆ. ಜಿಯೊತ್ತೊ ಪಾದುವಾದ ಚಾಪೆಲಿನಲ್ಲಿ ಸುಮಾರು 1305ರಲ್ಲಿ ಬರೆದ ಆ ದೃಶ್ಯದಲ್ಲಿ, ಪುನರುತ್ಥಾನಗೊಂಡ ಕ್ರಿಸ್ತ ‘ನನ್ನನ್ನು ಮುಟ್ಟಬೇಡ’ ಎಂದು ಸರಿಯುತ್ತಿದ್ದಾನೆ, ಮರಿಯಳ ಕೈ ಗಾಳಿಯಲ್ಲೇ ಉಳಿದಿದೆ. ಕೆಲವು ಚಿತ್ರಗಳಲ್ಲಿ ಮರಳುಗಾಡಿನ ಮಜ್ನೂ ಕೂಡ ಬರುತ್ತಾನೆ. ಅವನಿಗೆ ಲೈಲಾ ಸಿಗುವುದಿಲ್ಲ. ಇವರನ್ನು ಆರಿಸಿ ತಂದದ್ದು ಬಣ್ಣ ಚೆನ್ನಾಗಿದೆಯೆಂದಲ್ಲ. ಕೈಗೆ ಎಟುಕದ್ದಕ್ಕೆ ಕೈ ಚಾಚಿದವರೇ ಇವರೆಲ್ಲ. ಮತ, ದೇಶ, ಶತಮಾನ ಬೇರೆ ಬೇರೆಯಾದರೂ ಆ ಕೈಗಳ ಬಾಗು ಒಂದೇ ತೆರ. ಶೇಖ್ ಅವರು ಮುಕ್ತಿಯನ್ನು ಎಲ್ಲಿಯೂ ಬರೆದಿಲ್ಲವೆಂದೇ ನನ್ನ ತಿಳಿವಳಿಕೆ. ಅವರು ಬರೆಯುವುದು ಚಾಚಿದ ಕೈಯನ್ನು. ಇದನ್ನು ಅರಿಯಲು ಜಿಯೊತ್ತೊ ಗೊತ್ತಿರಬೇಕಾಗಿಲ್ಲ, ಚೌಕಟ್ಟು ಅವರೇ. ಮೂಲ ತಿಳಿಯದ ಹೊಳೆಸಾಲು ಕಾಕಾ ಅವರೇ ‘ಕೈ ಚಾಚಿದ್ದಾಳೆ’ ಎಂದು ಬರೆದಿದ್ದಾರೆ, ನೋಡಿರಿ.

ಕಾವಡ್ ಬಗ್ಗೆ ಯಾರೂ ಬರೆಯಲಿಲ್ಲ, ಆದ್ದರಿಂದ ಒಂದೆರಡು ಮಾತು. ಕಾವಡ್ ಎಂದರೆ ರಾಜಸ್ಥಾನದಲ್ಲಿ ಊರೂರಿಗೆ ಹೊತ್ತೊಯ್ಯುವ ಮರದ ಪುಟ್ಟ ಗುಡಿ. ಚಿತ್ತೋಡ್‌ಗಢದ ಹತ್ತಿರದ ಬಸ್ಸಿ ಎಂಬ ಊರಿನ ಬಡಗಿಗಳು ಅದನ್ನು ಮಾಡಿ ಬಣ್ಣ ಹಾಕುತ್ತಾರೆ. ಕಾವಡಿಯಾ ಭಾಟರು ಅದನ್ನು ತಮ್ಮ ಯಜಮಾನರ ಮನೆಗೆ ಕೊಂಡೊಯ್ದು, ಒಂದೊಂದೇ ಕದ ತೆರೆಯುತ್ತ, ನವಿಲುಗರಿಯಿಂದ ಚಿತ್ರಗಳನ್ನು ತೋರಿಸುತ್ತ ಕಥೆ ಹೇಳುತ್ತಾರೆ. ದೇವರ ಕಥೆಯ ಜೊತೆಗೆ ಆ ಮನೆಯ ಹಿರಿಯರ ಹೆಸರು, ವಂಶಾವಳಿಯೂ ಬರುತ್ತದೆ. ಎಲ್ಲ ಕದ ತೆರೆದ ಮೇಲೆ ಒಳಗಡೆ ದೇವರು. ಗುಡಿಗೆ ಹೋಗಲಾಗದವರ ಮನೆಗೆ ಗುಡಿಯೇ ನಡೆದು ಬರುತ್ತದೆ. ನಮ್ಮ ಕಡೆ ಎಲ್ಲಮ್ಮನ ಜಗ ಹೊತ್ತ ಜೋಗತಿಯರು ಅಂಗಳಕ್ಕೆ ಬಂದಾಗ ಅಜ್ಜಿ ಮೊರದಲ್ಲಿ ಜೋಳ ತರುತ್ತಿದ್ದದ್ದು ನನಗೆ ನೆನಪಿಗೆ ಬರುತ್ತದೆ. ಶೇಖ್ ಅವರು ಇದನ್ನು ಮೊದಲು ಸಣ್ಣ ಪೆಟ್ಟಿಗೆಗಳಾಗಿ, ಆಮೇಲೆ ಜನ ಒಳಗೆ ನಡೆದು ಹೋಗಬಹುದಾದಷ್ಟು ದೊಡ್ಡದಾಗಿ ಮಾಡಿದರು. ಆ ದೊಡ್ಡ ಕಾವಡ್‌ಗೆ ಅವರಿಟ್ಟ ಹೆಸರಿನಲ್ಲಿ ‘ಮನೆ’ ಎಂಬ ಪದವಿದೆ. 2002ರಲ್ಲಿ ಗುಜರಾತಿನಲ್ಲಿ ಎಷ್ಟು ಮನೆಗಳು ಸುಟ್ಟುಹೋದವೆಂಬುದನ್ನು ಬಲ್ಲ ನಾಡಿನ ಕಲಾವಿದ, ಮಡಚಿ ಹೊತ್ತೊಯ್ಯಬಹುದಾದ ಗುಡಿಯೊಂದನ್ನು ಮನೆ ಎಂದು ಕರೆದದ್ದನ್ನು ಸುಮ್ಮನೆ ಓದಿ ದಾಟಲು ನನಗೆ ಆಗಲಿಲ್ಲ.

ಉತ್ತರ: ಬಣ್ಣದಡ್ಡೆ

ಮಗ್ಗದಮನೆ ಅವರ ಕೊಂಡಿಯ ಮಾತಿಗೆ ಸೇರಿಸಿ ಎಬ್‌ಸ್ಟಾರ್ಫ್ ಭೂಪಟದ ಕಥೆಯನ್ನು ಹೇಳಿಬಿಡುತ್ತೇನೆ, ಏಕೆಂದರೆ ಚೌಕಟ್ಟು ಅವರ ಎರಡೂ ತಕರಾರುಗಳಿಗೆ ಅದರಲ್ಲಿ ಸ್ವಲ್ಪ ಉತ್ತರವಿದೆ. ಅದು 13ನೆಯ ಶತಮಾನದ ಲೋಕಪಟ. ಮೂವತ್ತು ಆಡಿನ ಚರ್ಮಗಳನ್ನು ಹೊಲಿದು ಕೂಡಿಸಿ, ಸುಮಾರು 3.6 ಮೀಟರ್ ಉದ್ದಗಲಕ್ಕೆ ಬರೆದದ್ದು. ಉತ್ತರ ಜರ್ಮನಿಯ ಎಬ್‌ಸ್ಟಾರ್ಫ್ ಎಂಬಲ್ಲಿನ ಸಂನ್ಯಾಸಿನಿಯರ ಮಠದಲ್ಲಿ 19ನೆಯ ಶತಮಾನದಲ್ಲಿ ಸಿಕ್ಕಿತು. ಪೂರ್ವ ದಿಕ್ಕು ಮೇಲೆ. ಅಲ್ಲಿ ಕ್ರಿಸ್ತನ ಮುಖ, ಎಡಬಲಕ್ಕೆ ಅವನ ಕೈಗಳು, ಕೆಳಗೆ ಪಾದಗಳು. ಲೋಕವೇ ಅವನ ಮೈ. ಒಳಗೆ ಜೆರುಸಲೇಮ್ ನಡುಮಧ್ಯದಲ್ಲಿ, ಸುತ್ತಲೂ ಊರು, ನದಿ, ಪ್ರಾಣಿ, ಪುರಾಣ. 1943ರಲ್ಲಿ ಹ್ಯಾನೋವರ್ ನಗರದ ಮೇಲೆ ಬಾಂಬು ಬಿದ್ದಾಗ, ಅಲ್ಲಿಟ್ಟಿದ್ದ ಆ ಚರ್ಮದ ಪಟ ಸುಟ್ಟುಹೋಯಿತು. ಇಂದು ನಾವು ನೋಡುವುದೆಲ್ಲ ಮೊದಲೇ ತೆಗೆದಿಟ್ಟ ಪ್ರತಿಗಳ ಆಧಾರದ ಮರುರೂಪ.

ಶೇಖ್ ಅವರಿಗೆ ಈ ಪಟ ಎದುರಾದದ್ದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಅಂಗಡಿಯಲ್ಲಿ, ಒಂದು ಪೋಸ್ಟ್‌ಕಾರ್ಡಿನ ರೂಪದಲ್ಲಿ. ಸುಟ್ಟುಹೋದ ವಸ್ತುವಿನ ಪ್ರತಿಯ ಪ್ರತಿ, ಅಂಗೈಯಗಲದ ಕಾಗದದ ಮೇಲೆ. ಅದನ್ನು ಮತ್ತೆ ಹಿಗ್ಗಿಸಿ, ಕಂಪ್ಯೂಟರಿಗೆ ಹಾಕಿ, ಮುದ್ರಿಸಿ, ಅದರ ಮೇಲೆ ಕುಂಚ ಆಡಿಸಿ, ತಮಗೆ ಬೇಕಾದ ಊರುಗಳನ್ನೂ ಜನರನ್ನೂ ಅದರೊಳಗೆ ತುಂಬಿಸಿದರು. ಮೂಲವೇ ಇಲ್ಲದ ವಸ್ತುವಿಗೆ ಮುದ್ರಣಯಂತ್ರದ ನುಣುಪು ಅಪಚಾರವಾಗಲಾರದು. ಅದು ನಮ್ಮವರೆಗೆ ಬಂದದ್ದೇ ಮುದ್ರಣದ ಮೂಲಕ. ಚೌಕಟ್ಟು ಅವರೇ, ನಿಮ್ಮ ಕಣ್ಣು ತಪ್ಪಲ್ಲ. ಕೆಲವು ಹಾಳೆಗಳಲ್ಲಿ ಜೋಡಣೆ ಸಲೀಸಾಗಿ ಆಗಿಬಿಟ್ಟಿದೆ ಎಂದು ನನಗೂ ಅನ್ನಿಸಿದ್ದುಂಟು, ಕುಂಚಕ್ಕೆ ಇರುವ ಪ್ರತಿರೋಧ ಮೌಸಿಗೆ ಇರುವುದಿಲ್ಲ. ಆದರೆ 2019ರಿಂದ 2023ರವರೆಗೆ ಬರೆದ ‘ಕಾರವಾನ್’ ಎಂಬ ದೊಡ್ಡ ಚಿತ್ರದಲ್ಲಿ, ಒಂದು ನಾವೆಯ ತುಂಬ ಅವರ ಬದುಕಿನ ಕವಿಗಳು, ಸಂತರು, ಕಲಾವಿದರನ್ನು ಹೇರಿ ಹೊರಟ ಆ ಕೆಲಸದಲ್ಲಿ, ಎಂಬತ್ತು ದಾಟಿದ ಕೈ ಮತ್ತೆ ಬಣ್ಣಕ್ಕೇ ಮರಳಿದ್ದನ್ನು ಗಮನಿಸಬೇಕು.

ಚಿತ್ರದೊಳಗೆ ಚಿತ್ರವನ್ನು ಕರೆದು ತರುವುದು ಬರೋಡಾದ ಗಾಳಿಯಲ್ಲೇ ಇತ್ತೇನೋ. ನಮ್ಮ ಬೆಂಗಳೂರಿನ ಎನ್. ಪುಷ್ಪಮಾಲಾ ಅವರು ಅಲ್ಲಿಯೇ ಶಿಲ್ಪ ಕಲಿತು ಬಂದವರು. ಮುಂದೆ ರವಿವರ್ಮನ ಲಕ್ಷ್ಮಿಯಂಥ ಚಿತ್ರಗಳೊಳಗೆ ತಾವೇ ವೇಷ ಹಾಕಿ ನಿಂತು ಛಾಯಾಚಿತ್ರ ತೆಗೆಸಿಕೊಂಡರು. ಅವರದು ಕೆಣಕುವ ದಾರಿ, ಶೇಖ್ ಅವರದು ಅತಿಥಿಸತ್ಕಾರದ ದಾರಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ.

ಉತ್ತರ: ಹೊಳೆಸಾಲು

ಎಲ್ಲರಿಗೂ ಕೃತಜ್ಞತೆಗಳು. ಪೋಸ್ಟ್‌ಕಾರ್ಡಿನ ಕಥೆ ಓದಿ ಒಬ್ಬನೇ ನಕ್ಕೆ. ಸಾವಿರಾರು ಚಿತ್ರದ ಕಾರ್ಡುಗಳು ನನ್ನ ಕೈ ದಾಟಿ ಹೋಗಿವೆ. ಮೊಹರು ಹೊಡೆಯುವಾಗ ಚಿತ್ರದ ಮೇಲೆ ಮಸಿ ತಾಗದಂತೆ ನೋಡಿಕೊಳ್ಳುತ್ತಿದ್ದೆನೇ ಹೊರತು, ಅದರಲ್ಲಿ ಒಂದು ಸುಟ್ಟುಹೋದ ಲೋಕವಿರಬಹುದೆಂದು ಎಂದೂ ಯೋಚಿಸಿರಲಿಲ್ಲ.

ನಿಮ್ಮ ಉತ್ತರಗಳನ್ನು ಓದಿದ ಮೇಲೆ ಅಟ್ಟದಿಂದ ನಮ್ಮ ತಂದೆಯವರ ಕಬ್ಬಿಣದ ಟ್ರಂಕನ್ನು ಇಳಿಸಿದೆ. ಅವರು ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವರು, ಊರಿಂದೂರಿಗೆ ವರ್ಗವಾದಾಗಲೆಲ್ಲ ಆ ಟ್ರಂಕು ಎತ್ತಿನ ಗಾಡಿಯಲ್ಲಿ ಬರುತ್ತಿತ್ತು. ಮುಚ್ಚಳದ ಒಳಮೈಗೆ ಅವರು ಅಂಟಿಸಿದ್ದ ಚಿತ್ರಗಳು ಅರ್ಧ ಕಿತ್ತುಹೋಗಿ ಇನ್ನೂ ಇವೆ: ಬೆಂಕಿಪೆಟ್ಟಿಗೆಯ ಮೇಲಿನ ಒಂದು ನವಿಲು, ಪತ್ರಿಕೆಯಿಂದ ಕತ್ತರಿಸಿದ ನಡೆಯುತ್ತಿರುವ ಗಾಂಧಿ, ಶ್ರವಣಬೆಳಗೊಳದ ಗೊಮ್ಮಟ, ಯಾವುದೋ ಸೋಪಿನ ಕಾಗದದ ಮೇಲಿನ ಹೆಣ್ಣಿನ ಮುಖ, ಮತ್ತು ನಾನು ಹುಟ್ಟುವ ಮೊದಲೇ ತೀರಿಹೋದ ಅಣ್ಣನ ಒಂದು ಫೋಟೊ. ಒಂದನ್ನೂ ತಂದೆ ಬರೆದಿರಲಿಲ್ಲ. ಗಾಂಧಿಯ ಕೋಲಿನ ತುದಿ ಅಣ್ಣನ ಫೋಟೊದ ಅಂಚಿಗೆ ತಾಗುವಂತೆ ಅಂಟಿಸಿದ್ದಾರೆ. ಅದು ಜಾಗ ಸಾಲದೆ ಆದದ್ದೋ, ಬೇಕೆಂದೇ ಮಾಡಿದ್ದೋ ಎಂದು ಕೇಳಲು ಈಗ ಯಾರೂ ಇಲ್ಲ. ಟ್ರಂಕು ತೆರೆದಾಗ ಮುಚ್ಚಳ ನೇರ ನಿಲ್ಲುವಂತೆ ಒಂದು ಸರಪಳಿ ಹಾಕಿಸಿದ್ದರು.

ಒಂದು ವಿಚಾರಣೆ ಉಳಿದಿದೆ. ಪ್ರದರ್ಶನ ಮುಗಿದಿದೆ, ಲಂಡನ್ನಿಗೆ ಹೋಗುವುದು ನನ್ನಿಂದಾಗದ ಮಾತು. ಶೇಖ್ ಅವರ ದೊಡ್ಡ ಕೆಲಸವೇನಾದರೂ ನಮ್ಮ ದೇಶದಲ್ಲಿ ಗೋಡೆ ಬಿಟ್ಟು ಕದಲದಂತೆ ಇದೆಯೇ?

ಉತ್ತರ: ಥೇಮ್ಸ್‌ದಂಡೆ

ಇದೆ ಸರ್. ಚಾರ್ಲ್ಸ್ ಕೊರಿಯಾ ಅವರು ವಿನ್ಯಾಸ ಮಾಡಿದ ಭೋಪಾಲದ ವಿಧಾನಭವನದಲ್ಲಿ ಶೇಖ್ ಅವರ ‘ಜೀವವೃಕ್ಷ’ ಎಂಬ ದೊಡ್ಡ ಭಿತ್ತಿಕೃತಿಯಿದೆ. 1990ರ ದಶಕದ ಕೆಲಸ ಅದು. ಶಾಸನಸಭೆಯ ಕಟ್ಟಡವಾದ್ದರಿಂದ ಒಳಗೆ ಹೋಗಲು ಏನು ಕ್ರಮವಿದೆಯೆಂದು ಹೊರಡುವ ಮುನ್ನ ವಿಚಾರಿಸಿಕೊಳ್ಳಿರಿ. ಹೋಗುವಾಗ ಆ ಟ್ರಂಕಿನ ಮುಚ್ಚಳದ ಒಂದು ಒಳ್ಳೆಯ ಫೋಟೊ ತೆಗೆದು ಇಲ್ಲಿ ಹಾಕಿ ಹೋಗಿರಿ, ಅಂಟು ಬಿಟ್ಟ ಕಾಗದಗಳನ್ನು ಮತ್ತೆ ಅಂಟಿಸಲು ಮಾತ್ರ ಹೋಗಬೇಡಿರಿ.

ಉತ್ತರ: ಚೌಕಟ್ಟು

ಅಂಟಿನ ವಿಷಯ ನನ್ನ ಕಸುಬಿನದು, ಅದಕ್ಕೇ ಮತ್ತೆ ಬಂದೆ. ಫೆವಿಕಾಲ್ ಹತ್ತಿರ ಕೂಡ ತರಬೇಡಿರಿ. ತೆಳುವಾಗಿ ಕುದಿಸಿದ ಗಂಜಿಯಂಟು ಸಾಕು, ಅದೂ ಅಣ್ಣನವರ ಫೋಟೊಗೆ ಬೇಡ. ಅದನ್ನು ಈಗಿರುವಂತೆಯೇ ಬಿಡಿರಿ. ಮುಚ್ಚಳದ ತುಕ್ಕು ಕಾಗದಕ್ಕೆ ಹತ್ತದಂತೆ ಟ್ರಂಕನ್ನು ಒಣಗಿದ ಜಾಗದಲ್ಲಿ, ಮುಚ್ಚದೆ ಇಡಿರಿ.